ಮೆಸ್ಸಿಗೆ ಹೋಗೋಕೆ ಹೆದರೋ ಹುಡುಗಿ, ಸಾವಿರಾರು ಜನ ಕಾಯೋ ಕಥೆ

ಹೋದ ಸಂಚಿಕೆಯ ಅಂಕಣದ ಕೊನೇಲಿ ‘ಫ್ಯಾನ್‌ಗರ್ಲ್’ ಅನ್ನೋ ಇಂಗ್ಲಿಷ್ ಕಾದಂಬರಿ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಈ ವರ್ಷ ಕಾಲೇಜಿಗೆ ಸೇರಿರೋ ಮಕ್ಕಳೂ ಓದ್ಲಿ ಅವರ ಅಪ್ಪ ಅಮ್ಮನೂ ಓದ್ಲಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಆ ಪುಸ್ತಕದ ಸುತ್ತಾನೇ ಇದೆ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ಈ ಫ್ಯಾನ್‌ಫಿಕ್ಷನ್ ಅಂದ್ರೇನು ಅಂತಾನೇ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಏನಿದೆ ಸ್ವಲ್ಪ ಬಿಡಿಸಿ ಹೇಳಿ, ಮಗಳಿಗೆ ತಂದುಕೊಡ್ಬಹುದಾ ನೋಡ್ತೀನಿ. (ಗೃಹಿಣಿ, ಶಿವಮೊಗ್ಗ)

ಒಂದು ಕಥೆ ತುಂಬಾ ಹಿಡಿಸಿ ಮುಗಿದೇ ಹೋದಾಗ ಮನಸ್ಸು ಅಲ್ಲೇ ಸುತ್ತುತ್ತಾ ಇರುತ್ತಲ್ಲ, ಆಮೇಲೆ ಅವಳೇನಾದ್ಲು, ಆವತ್ತು ಅವನು ಆ ಬಸ್ಸು ಹತ್ತದೇ ಇದ್ದಿದ್ರೆ ಏನಾಗ್ತಿತ್ತು ಅಂತ, ಅದನ್ನ ಕೂತು ಬರೆದುಬಿಟ್ರೆ ಅದೇ ಫ್ಯಾನ್‌ಫಿಕ್ಷನ್. ಪಾತ್ರಗಳು ಬೇರೆಯವರದ್ದು, ನಡೆಯೋದೆಲ್ಲ ನಿಮ್ಮದು. ಇದು ಇಂಟರ್ನೆಟ್‌ ಜೊತೆ ಹುಟ್ಟಿದ್ದಲ್ಲ, ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಅನ್ನೋ ಟೀವಿ ಧಾರಾವಾಹಿ ಅಭಿಮಾನಿಗಳು 1967ರಲ್ಲೇ ತಾವೇ ಪತ್ರಿಕೆ ಮಾಡಿ ಪೋಸ್ಟಲ್ಲಿ ಕಳಿಸ್ಕೊಳ್ತಿದ್ರು. ನಮ್ಮಲ್ಲೂ ವಾರಪತ್ರಿಕೆ ಧಾರಾವಾಹಿಗಳ ಕಾಲದಲ್ಲಿ ನಾನೂ ನನ್ನ ಚಿಕ್ಕಮ್ಮನ ಮಗಳೂ ಮುಂದಿನ ವಾರದವರೆಗೆ ಕಾಯೋಕಾಗ್ದೆ ಮುಂದಿನ ಕಂತು ನಾವೇ ಬರೆದಿಟ್ಕೊಳ್ತಿದ್ವಿ, ಲಾಂಗ್ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಶುರು ಮಾಡಿ. ಪತ್ರಿಕೆ ಬಂದಮೇಲೆ ಹೋಲಿಸಿ ನೋಡೋದು. ಎಷ್ಟೋ ಸಲ ನಮ್ದೇ ಚೆನ್ನಾಗಿದೆ ಅನ್ನಿಸ್ತಿತ್ತು. ಇದಕ್ಕೊಂದು ಹೆಸರಿದೆ ಅಂತ ನಂಗೆ ಗೊತ್ತಾಗಿದ್ದು ಮೂವತ್ತು ವರ್ಷ ಆದ್ಮೇಲೆ.

ಈಗ ಕಥೆ. ಕ್ಯಾಥ್, ರೆನ್ ಅಂತ ಅವಳಿ ಹುಡುಗೀರು. ಅಮ್ಮಂಗೆ ಅವಳಿ ಅಂತ ಗೊತ್ತಿರ್ಲಿಲ್ಲ, ಕ್ಯಾಥರಿನ್ ಅನ್ನೋ ಒಂದೇ ಹೆಸರು ಯೋಚಿಸಿಟ್ಟಿದ್ಲು, ಎರಡು ಮಗು ಬಂದಾಗ ಅದೇ ಹೆಸರನ್ನ ಮಧ್ಯಕ್ಕೆ ಮುರಿದು ಇಬ್ಬರಿಗೂ ಹಂಚಿಬಿಟ್ಲು. ಈ ಒಂದು ಸಂಗತೀಲೇ ಆ ಅಮ್ಮ ಎಂಥೋಳು ಅಂತ ಗೊತ್ತಾಗುತ್ತೆ. ಮಕ್ಕಳು ಪ್ರೈಮರಿ ಶಾಲೇಲಿ ಇರೋವಾಗ್ಲೇ ಆಯಮ್ಮ ಮನೆ ಬಿಟ್ಟು ಹೋಗ್ತಾಳೆ, ಅದೂ 2001ರ ಸೆಪ್ಟೆಂಬರ್ 11ರಂದು, ಇಡೀ ಅಮೆರಿಕ ಟೀವಿ ಮುಂದೆ ಕೂತಿದ್ದ ದಿನ. ಅಲ್ಲಿಂದ ಅಪ್ಪನೇ ಸಾಕಿರೋದು. ಅಕ್ಕತಂಗಿ ಇಬ್ರೂ ಸೈಮನ್ ಸ್ನೋ ಅನ್ನೋ ಮಾಯಾಜಾಲದ ಹುಡುಗನ ಪುಸ್ತಕಗಳಿಗೆ ಅಂಟ್ಕೊಂಡು ಬೆಳೀತಾರೆ, ಸೇರ್ಕೊಂಡು ಅವನ ಮೇಲೆ ಕಥೆ ಬರೀತಾರೆ. 18 ಆಗೋ ಹೊತ್ತಿಗೆ ರೆನ್ ಅದನ್ನ ಬಿಟ್ಟಿರ್ತಾಳೆ. ಕ್ಯಾಥ್ ಬಿಟ್ಟಿಲ್ಲ, ಅವಳ ಕಥೆಯ ಒಂದೊಂದು ಅಧ್ಯಾಯಕ್ಕೂ ಇಂಟರ್ನೆಟ್ಟಲ್ಲಿ ಸಾವಿರಾರು ಜನ ಕಾಯ್ತಿರ್ತಾರೆ. ಇಬ್ರೂ ನೆಬ್ರಾಸ್ಕಾದ ಲಿಂಕನ್ ಊರಿನ ಯೂನಿವರ್ಸಿಟಿಗೆ ಸೇರ್ತಾರೆ, ಮತ್ತೆ ರೆನ್ ಹೇಳ್ತಾಳೆ, ನಾನು ನಿನ್ನ ಜೊತೆ ಒಂದೇ ರೂಮಲ್ಲಿ ಇರಲ್ಲ ಅಂತ. ಅಲ್ಲಿಂದ ಶುರು.

ಅವರ ಮನೆ ಇರೋ ಓಮಾಹಾದಿಂದ ಲಿಂಕನ್ನಿಗೆ ಸುಮಾರು 80 ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರಿಂದ ತುಮಕೂರಿಗೆ ಹೋದಂಗೆ. ದೂರ ಏನೂ ಅಲ್ಲ. ಆದ್ರೆ ಮನೆ ಬಿಟ್ಟು ಹೋದೋರಿಗೆ ಗೊತ್ತಿರುತ್ತೆ, ಮೊದಲನೇ ತಿಂಗಳು 80 ಕಿಲೋಮೀಟರೂ ಒಂದೇ 800 ಕಿಲೋಮೀಟರೂ ಒಂದೇ.

ಮಗಳಿಗೆ 15 ದಾಟಿದ್ರೆ ಧೈರ್ಯವಾಗಿ ಕೊಡಿ. ಕುಡಿತ ಇದೆ, ಪಾರ್ಟಿ ಇದೆ, ಪ್ರೀತಿ ಇದೆ. ಆದ್ರೆ ಕುಡಿದ್ರೆ ಏನಾಗುತ್ತೆ ಅಂತಾನೂ ಇದೆ, ರೆನ್ ವಿಪರೀತ ಕುಡಿದು ಆಸ್ಪತ್ರೆ ಸೇರೋ ಭಾಗ ಇದೆಯಲ್ಲ, ಅದನ್ನ ಯಾವ ಹಿರಿಯರ ಬುದ್ಧಿಮಾತೂ ಹೇಳೋಕಾಗಲ್ಲ ಅಷ್ಟು ಸರಿಯಾಗಿ ಬರೆದಿದಾರೆ. ನೀವೂ ಓದಿ, ಮಗಳಿಗಿಂತ ಮುಂಚೆ ಅಲ್ಲ, ಜೊತೆಗೇ.

ಪ್ರಶ್ನೆ: ಸೈಮನ್ ಸ್ನೋ ಪುಸ್ತಕಗಳು ಎಲ್ಲಿ ಸಿಗುತ್ತೆ? ಅಂಗಡೀಲಿ ಕೇಳ್ದೆ, ಅವರಿಗೇ ಗೊತ್ತಿಲ್ಲ. (ಪಿಯುಸಿ ವಿದ್ಯಾರ್ಥಿ, ಹಾಸನ)

ಸಿಗಲ್ಲ ಕಣೋ, ಅವು ಇಲ್ಲವೇ ಇಲ್ಲ! ಸೈಮನ್ನೂ ಅವನ ಬರಹಗಾರ್ತೀನೂ ಈ ಕಾದಂಬರಿಗೋಸ್ಕರ ಇದರ ಲೇಖಕಿ ರೇನ್‌ಬೋ ರೋವೆಲ್ ಕಟ್ಟಿರೋದು. ಆದ್ರೆ ಒಂದು ವಿಷಯ ಇದೆ. ‘ಫ್ಯಾನ್‌ಗರ್ಲ್’ ಬಂದಿದ್ದು 2013ರಲ್ಲಿ, ಆಮೇಲೆ ಲೇಖಕಿಗೇ ಆ ಹುಡುಗ ಮನಸ್ಸಿಂದ ಹೋಗ್ಲಿಲ್ಲ, 2015ರಲ್ಲಿ ‘ಕ್ಯಾರಿ ಆನ್’ ಅಂತ ಅವನದ್ದೇ ಒಂದು ಕಾದಂಬರಿ ಬರೆದ್ರು, 2019ರಲ್ಲಿ ಎರಡನೇದು, 2021ರಲ್ಲಿ ಮೂರನೇದು. ಅಂಗಡೀಲಿ ಆ ಹೆಸರು ಹೇಳಿ ಕೇಳು. ಆದ್ರೆ ಮೊದಲು ಕ್ಯಾಥ್‌ಳದ್ದು ಓದು.

ಪ್ರಶ್ನೆ: ಅಕ್ಕಾರ, ನಾ ಧಾರವಾಡ ಕಡೆಯಾಕಿ, ಬೆಂಗಳೂರಾಗ ಇಂಜಿನಿಯರಿಂಗ್ ಸೇರೀನಿ, ಬಂದು ಮೂರು ವಾರ ಆತು. ಹಾಸ್ಟೆಲ್ ಮೆಸ್ಸಿಗೆ ಒಬ್ಬಾಕೀನ ಹೋಗಾಕ ಹೆದರಿಕಿ ಆಗ್ತೈತಿ. ರೂಮಿನ್ಯಾಗ ಬಿಸ್ಕಿಟ್, ಅವ್ವ ಕೊಟ್ಟಿದ್ದ ಚಟ್ನಿಪುಡಿ ಬ್ರೆಡ್ಡಿಗೆ ಹಚ್ಕೊಂಡು ತಿಂತೀನಿ. ನೀವು ಬರೆದಿದ್ದು ಓದಿ ಆ ಹುಡುಗಿನೂ ಹಿಂಗ ಮಾಡ್ತಾಳ ಅಂತ ಗೊತ್ತಾಗಿ ಅಳು ಬಂತು. ಇದು ಏನರ ರೋಗ ಏನ್ರೀ? (ಹೆಸರು ಬ್ಯಾಡ)

ರೋಗ ಅಲ್ಲ ತಂಗಿ. ಮೊದಲು ಇದನ್ನ ತಿಳ್ಕೋ, ಈ ವಾರ ಬಂದ ಪತ್ರಗಳಲ್ಲಿ ಇದೇ ಮಾತು ಬರೆದಿರೋದು ನೀನೊಬ್ಬಳೇ ಅಲ್ಲ, ಇನ್ನೂ ಇಬ್ರಿದಾರೆ, ಒಬ್ಬ ಹುಡುಗ.

ಕ್ಯಾಥ್ ಮಾಡೋದೂ ಅದೇ. ಮಂಚದ ಕೆಳಗೆ ಪ್ರೋಟೀನ್ ಬಾರ್ ಡಬ್ಬಗಳು, ಪೀನಟ್ ಬಟರ್ ಬಾಟಲಿ. ಯಾಕಂದ್ರೆ ಊಟದ ಹಾಲ್ ಎಲ್ಲಿದೆ ಅಂತ ಗೊತ್ತಿಲ್ಲ, ಗೊತ್ತಾದ್ರೂ ಕ್ಯೂ ಎಲ್ಲಿ ಶುರು ಆಗುತ್ತೆ, ಏನು ತಗೋಬಹುದು, ತಗೊಂಡು ಎಲ್ಲಿ ಕೂರ್ಬೇಕು, ಯಾರ ಪಕ್ಕ ಕೂತ್ರೆ ಯಾರು ಏನಂದ್ಕೋತಾರೆ. ಯಾರೂ ಬಾಯಿಬಿಟ್ಟು ಹೇಳದ ಈ ಸಣ್ಣ ಸಣ್ಣ ನಿಯಮಗಳೇ ಅವಳನ್ನ ಕೊಲ್ಲೋದು. ಅವಳಿಗೆ ಹಸಿವಿಲ್ಲ ಅಂತಲ್ಲ, ದೊಡ್ಡಸ್ತಿಕೆನೂ ಅಲ್ಲ, ಬಾಗಿಲ ಹತ್ರ ನಿಂತಾಗ ಎಲ್ಲರಿಗೂ ಗೊತ್ತಿರೋದು ತನಗೊಬ್ಬಳಿಗೇ ಗೊತ್ತಿಲ್ಲ ಅನ್ನೋ ಭಾವನೆ. ನಾನು ಇಡೀ ಪುಸ್ತಕದಲ್ಲಿ ಎರಡೆರಡು ಸಲ ಓದಿದ್ದು ಈ ಭಾಗಾನೇ. ಯಾಕಂದ್ರೆ ಇದು ನಂಗೂ ಆಗಿದೆ.

ಸಕಲೇಶಪುರದ ಹತ್ರದ ಹಳ್ಳಿಯಿಂದ ಮೈಸೂರಿಗೆ ಬಂದು ಲೇಡೀಸ್ ಹಾಸ್ಟೆಲ್ ಸೇರಿದ್ದೆ. ಮೊದಲನೇ ರಾತ್ರಿ ಮೆಸ್ಸಿನ ಮೆಟ್ಟಿಲು ಇಳಿದೆ, ನೋಡಿದ್ರೆ ಎಲ್ಲರ ಕೈಲೂ ಅವರವರದ್ದೇ ಸ್ಟೀಲ್ ತಟ್ಟೆ ಲೋಟ. ತಟ್ಟೆ ನಾವೇ ತರ್ಬೇಕು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಹಿಂದೆ ತಿರುಗಿ ರೂಮಿಗೆ ಬಂದೆ. ಮಾರನೇ ದಿನ ತಟ್ಟೆ ಕೊಂಡ್ಕೊಂಡೆ, ಆದ್ರೆ ಹೋಗೋ ಧೈರ್ಯ ಬರ್ಲಿಲ್ಲ, ನಿನ್ನೆ ನಾನು ವಾಪಸ್ ಹೋಗಿದ್ದು ಎಲ್ಲರೂ ನೋಡಿದಾರೆ ಅನ್ನೋ ಭ್ರಮೆ. ಹನ್ನೊಂದು ದಿನ ಮನೆಯಿಂದ ತಂದ ಅವಲಕ್ಕಿ, ಕೋಡುಬಳೆ, ಬಾಳೆಹಣ್ಣಲ್ಲಿ ಕಳೆದೆ. ಹನ್ನೆರಡನೇ ದಿನ ರೂಮಿನ ಬಳ್ಳಾರಿ ಹುಡುಗಿ ನನ್ನ ಡಬ್ಬಿ ಕಿತ್ಕೊಂಡು ಮುಚ್ಚಳ ಹಾಕಿ, ‘ಏನಲೇ ಇದು, ತಾಟು ತಗೊಂಡು ನಡಿ’ ಅಂದ್ಲು. ಅವಳ ಹಿಂದೆ ಹೋದೆ. ಬಿಸಿ ಅನ್ನ, ನೀರು ನೀರು ಸಾರು, ಹಪ್ಪಳ. ಆ ಊಟದ ರುಚಿ ಇವತ್ತಿಗೂ ನೆನಪಿದೆ. ನನ್ನ ಕಡೆ ಯಾರೂ ತಲೆ ಎತ್ತಿ ನೋಡ್ಲಿಲ್ಲ, ಎಲ್ಲರಿಗೂ ಅವರವರ ಹಪ್ಪಳದ ಚಿಂತೆ.

ಕ್ಯಾಥ್‌ಗೂ ಹಂಗೇ ಆಗುತ್ತೆ. ರೂಮ್‌ಮೇಟ್ ರೇಗನ್ ಅಂತ, ಬಾಯಿ ಜೋರು, ಯಾರ ಹಂಗೂ ಇಲ್ಲ, ಮೊದಮೊದಲು ಇವಳ ಮುಖಾನೂ ನೋಡಲ್ಲ. ಒಂದಿನ ಆ ಬಾರ್ ಡಬ್ಬಗಳ ವಿಷಯ ಗೊತ್ತಾಗಿ ಕ್ಯಾಥ್‌ನ ಎಳ್ಕೊಂಡು ಊಟಕ್ಕೆ ಹೋಗ್ತಾಳೆ. ಅಲ್ಲಿಂದ ಅವರಿಬ್ರೂ ದಿನಾ ಒಟ್ಟಿಗೆ ಕೂತು ಅಲ್ಲಿ ಬಂದು ಹೋಗೋರ ಮೇಲೆಲ್ಲ ಏನೇನೋ ಕಥೆ ಕಟ್ತಾ ಊಟ ಮಾಡ್ತಾರೆ. ಸ್ನೇಹ ಅಂತ ಹೆಸರಿಡದೇನೇ ಸ್ನೇಹ ಆಗಿಬಿಡುತ್ತೆ.

ನೀನು ಒಂದು ಮಾಡು. ಮೆಸ್ ಶುರುವಾಗೋ ಹೊತ್ತಿಗೆ, ಅಂದ್ರೆ ಬಾಗಿಲು ತೆಗೆದ ಮೊದಲ ಹತ್ತು ನಿಮಿಷದಲ್ಲಿ ಹೋಗು, ಆಗ ಜನ ಇರಲ್ಲ, ಬಡಿಸೋರ ಹತ್ರ ‘ಅಣ್ಣಾ, ನಾ ಹೊಸಾಕಿ, ತಾಟು ಎಲ್ಲಿ ಇರ್ತಾವು’ ಅಂತ ಕೇಳು. ಎಲ್ಲಾ ಹಾಸ್ಟೆಲ್ಲಲ್ಲೂ ಹೊಸ ಮಕ್ಕಳನ್ನ ಗುರುತು ಹಿಡಿದು ಎರಡು ಚಪಾತಿ ಜಾಸ್ತಿ ಹಾಕೋರು ಒಬ್ರಾದ್ರೂ ಇದ್ದೇ ಇರ್ತಾರೆ. ನಿನ್ನ ರೂಮಲ್ಲಿ ಇನ್ನೊಬ್ಬಳು ಇದ್ರೆ ಅವಳನ್ನ ಕೇಳು, ‘ನನ್ನ ಜೋಡಿ ಬರ್ತಿ ಏನು’ ಅಂತ. ಅಷ್ಟೇ ಮಾತು. ಅದಾದ್ಮೇಲೂ ಎರಡು ವಾರ ಕಳೆದು ಊಟ ಸೇರದಿದ್ರೆ, ನಿದ್ದೆ ಬರ್ದಿದ್ರೆ, 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ಚಟ್ನಿಪುಡಿ ಮುಗಿಸ್ಬೇಡ, ಮೆಸ್ಸಿನ ಅನ್ನಕ್ಕೆ ಬೇಕಾಗುತ್ತೆ.

ಪ್ರಶ್ನೆ: ನಾನು ಇಂಗ್ಲಿಷ್ ಅಧ್ಯಾಪಕ. ಕಾದಂಬರಿ ಓದಿದ್ದೇನೆ. ಕ್ಯಾಥ್ ಫ್ಯಾನ್‌ಫಿಕ್ಷನ್ನನ್ನೇ ಅಸೈನ್‌ಮೆಂಟ್ ಅಂತ ಕೊಟ್ಟಾಗ ಪ್ರೊಫೆಸರ್ ಪೈಪರ್ ಫೇಲ್ ಮಾಡಿ ಕೃತಿಚೌರ್ಯ ಅನ್ನುತ್ತಾರೆ. ಅವರು ಹೇಳಿದ್ದು ಸರಿಯಲ್ಲವೇ? ನನ್ನ ವಿದ್ಯಾರ್ಥಿಗಳು ಪಂಪ, ಕುಮಾರವ್ಯಾಸರನ್ನು ಎಳೆದು ತಂದು ಅವರೂ ಮಾಡಿದ್ದು ಇದೇ ಎಂದು ವಾದಿಸುತ್ತಾರೆ. (ಉಪನ್ಯಾಸಕರು, ತುಮಕೂರು)

ಸರ್, ಈ ಪ್ರಶ್ನೆಗೆ ಎರಡು ದಿನ ಯೋಚಿಸಿದೀನಿ. ನನ್ನ ಉತ್ತರ ಅರ್ಧ ಹೌದು, ಅರ್ಧ ಅಲ್ಲ.

ಕೃತಿಚೌರ್ಯ ಅನ್ನೋ ಮಾತು ನಂಗೆ ಒಪ್ಪಿಗೆ ಇಲ್ಲ. ಕದಿಯೋದು ಅಂದ್ರೆ ಬಚ್ಚಿಡೋದು, ಇನ್ನೊಬ್ಬರದ್ದನ್ನ ನಂದು ಅನ್ನೋದು. ಕ್ಯಾಥ್ ಏನೂ ಬಚ್ಚಿಡಲ್ಲ, ಸೈಮನ್ ಯಾರವನು ಅಂತ ಜಗತ್ತಿಗೇ ಗೊತ್ತು, ಅವಳು ಬರೆದ ಒಂದೊಂದು ವಾಕ್ಯಾನೂ ಅವಳದ್ದೇ. ಪಾಪ ಅವಳು ಅಲ್ಲಿ ನಿಂತು ಇದು ತಪ್ಪು ಅಂತ ನಂಗೆ ನಿಜವಾಗ್ಲೂ ಅನ್ನಿಸ್ಲಿಲ್ಲ ಅನ್ನೋ ಹಾಗೆ ತೊದಲೋದು ಓದುವಾಗ ನಂಗೆ ಮೇಷ್ಟ್ರ ಮೇಲೆ ಸಿಟ್ಟು ಬಂದಿತ್ತು.

ಆದ್ರೆ ನಿಮ್ಮ ವಿದ್ಯಾರ್ಥಿಗಳ ವಾದಾನೂ ಪೂರ್ತಿ ನಿಲ್ಲಲ್ಲ. ಹತ್ತನೇ ಶತಮಾನದಲ್ಲಿ ಪಂಪ ಭಾರತ ಬರೆಯೋವಾಗ ಅರ್ಜುನನ್ನ ನಾಯಕ ಮಾಡಿ ತನ್ನ ದೊರೆ ಅರಿಕೇಸರಿಗೆ ಸಮೀಕರಿಸ್ದ, ದ್ರೌಪದಿಗೆ ಐದು ಜನ ಗಂಡಂದಿರು ಅನ್ನೋದನ್ನ ತೆಗೆದು ಅರ್ಜುನ ಒಬ್ಬನೇ ಗಂಡ ಅಂತ ಮಾಡ್ದ. ಇವತ್ತಿನ ಫ್ಯಾನ್‌ಫಿಕ್ಷನ್ ಬರೆಯೋ ಮಕ್ಕಳು ಇದನ್ನ ಕೇಳಿದ್ರೆ ಕುಣಿದಾಡ್ತಾರೆ, ಅವರು ದಿನಾ ಮಾಡೋದು ಇದೇ ತಾನೇ. ಮಾಡೋ ಕೆಲಸದ ಮಟ್ಟಿಗೆ ಸಾಮ್ಯ ಇದೆ. ಆದ್ರೆ ವ್ಯಾಸರ ಕಥೆ ಊರ ಕೆರೆ ನೀರಿದ್ದಂಗೆ, ಯಾರು ಬೇಕಾದ್ರೂ ಕೊಡ ತುಂಬಿಸ್ಕೋಬಹುದು. ಸೈಮನ್ ಸ್ನೋಗೆ ಆ ಕಾದಂಬರಿಯ ಲೋಕದಲ್ಲಿ ಬದುಕಿರೋ ಒಡತಿ ಇದಾಳೆ. ನಮ್ಮ ಕಾಯಿದೇನೂ ಅದನ್ನೇ ಹೇಳೋದು, 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರಹಗಾರರು ತೀರಿಕೊಂಡು 60 ವರ್ಷದವರೆಗೂ ಅವರ ಕೃತಿ ಮೇಲೆ ಹಕ್ಕು ಇರುತ್ತೆ. ಪ್ರೀತಿಗೆ ಬರೆದು ಗೆಳೆಯರಿಗೆ ಓದಿಸೋದು ಬೇರೆ, ಅದನ್ನ ಅಚ್ಚು ಹಾಕ್ಸಿ ಮಾರೋಕೆ ಹೋಗೋದು ಬೇರೆ, ಇದನ್ನ ಮಕ್ಕಳಿಗೆ ಹೇಳ್ಲೇಬೇಕು.

ಮತ್ತೆ ಪೈಪರ್ ಕೇಳಿದ್ದು ಏನು? ನಿನ್ನದೇ ಒಂದು ಲೋಕ ಕಟ್ಟಿ ತೋರಿಸು ಅಂತ. ಆ ಕೇಳಿಕೆ ಸರಿ. ಕ್ಯಾಥ್‌ ಅಲ್ಲಿ ಹಿಂದೆ ಸರಿತಾಳೆ, ನನಗೆ ನನ್ನದು ಅಂತ ಬರೆಯೋಕೆ ಇಷ್ಟಾನೇ ಇಲ್ಲ ಅಂತಾಳೆ. ನಾನು ಆ ಮಾತನ್ನ ನಂಬಲ್ಲ. ಸೈಮನ್ನಿನ ಲೋಕದಲ್ಲಿ ಎಲ್ಲಿ ಬೇಕಾದ್ರೂ ಓಡಾಡ್ಬಹುದು, ಸ್ವಂತದ್ದು ಬರೆಯೋಕೆ ಕೂತ್ರೆ ಯಾವ ದಾರಿ ಹಿಡಿದ್ರೂ ಅದು ಅಮ್ಮ ಬಿಟ್ಟು ಹೋದ ಆ ದಿನಕ್ಕೇ ಹೋಗಿ ನಿಲ್ಲುತ್ತೆ, ಅಲ್ಲಿಗೆ ಹೋಗೋಕೆ ಅವಳಿಗೆ ಭಯ. ಸ್ವಂತ ಕಥೆ ಬರೆಯೋಕೆ ಬರಲ್ಲ ಅನ್ನೋ ಎಷ್ಟೋ ಮಕ್ಕಳಿಗೆ ಬರಲ್ಲ ಅಂತಲ್ಲ ಸರ್, ಅದರೊಳಗೆ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ, ಅದಕ್ಕೇ ಹೋಗಲ್ಲ.

ಪೈಪರ್ ಮೇಲಿನ ನನ್ನ ಸಿಟ್ಟು ಕರಗಿದ್ದು ಆಮೇಲೆ. ಕ್ಯಾಥ್ ಕೊನೆ ಕಥೆ ಕೊಡದೇ ಸೆಮಿಸ್ಟರ್ ಮುಗಿಸಿದ್ರೂ ಆಯಮ್ಮ ಅವಳನ್ನ ಕೈಬಿಡಲ್ಲ, ಮುಂದಿನ ಸೆಮಿಸ್ಟರ್ ಮುಗಿಯೋದ್ರೊಳಗೆ ಬರೆದುಕೊಡು ಅಂತ ಟೈಮ್ ಕೊಡ್ತಾರೆ. ಕ್ಯಾಥ್ ಅದನ್ನೂ ಮುಂದೂಡ್ತಾ ಮುಂದೂಡ್ತಾ ಕೊನೆಗೆ ಕೂತು ಬರೀತಾಳೆ, ಅಮ್ಮ ಬಿಟ್ಟು ಹೋಗಿದ್ದರ ಬಗ್ಗೆನೇ. ಆ ಕಥೆಗೆ ಬಹುಮಾನ ಬಂದು ‘ಪ್ರೇರಿ ಸ್ಕೂನರ್’ ಪತ್ರಿಕೇಲಿ ಅಚ್ಚಾಗುತ್ತೆ. ಆ ಪತ್ರಿಕೆ ಮಾತ್ರ ಕಟ್ಟುಕಥೆ ಅಲ್ಲ, 1926ರಿಂದ ಅದೇ ಯೂನಿವರ್ಸಿಟಿಯಿಂದ ಬರ್ತಿರೋದು. ಸರ್, ನಿಮ್ಮ ಕ್ಲಾಸಲ್ಲೂ ಒಬ್ಬ ಕ್ಯಾಥ್ ಇದ್ರೆ ಫೇಲ್ ಮಾಡೋ ಮುಂಚೆ ಅವಳ ಆ ಸಾಲ ತಂದ ಪಾತ್ರಗಳ ಕಥೇನೇ ಒಂದ್ಸಲ ಪೂರ್ತಿ ಓದಿ, ಸಂಭಾಷಣೆ ಹೇಗೆ ಹೊಂದಿಸ್ತಾಳೆ, ದೃಶ್ಯ ಎಲ್ಲಿ ಮುರೀತಾಳೆ ನೋಡಿ, ಆಮೇಲೆ ಸ್ವಂತದ್ದು ಕೇಳಿ. ಇಷ್ಟು ವರ್ಷ ಅವಳು ಅಲ್ಲಿ ಕಲಿತಿದ್ದು ಬರವಣಿಗೇನೇ.

ಪ್ರಶ್ನೆ: ನಾನೂ ನನ್ನ ಫ್ರೆಂಡೂ ಸೇರಿ ಒಂದು ಕಥೆ ಬರೆದ್ವಿ, ಲೈಬ್ರರೀಲಿ ಕೂತು ಒಂದು ಲೈನ್ ಅವನು ಒಂದು ಲೈನ್ ನಾನು. ಈಗ ಅವನು ಅವನ ಹೆಸರಲ್ಲಿ ಮಾತ್ರ ಕಾಲೇಜು ಮ್ಯಾಗಜೀನಿಗೆ ಕೊಟ್ಟಿದಾನೆ. ಕೇಳಿದ್ರೆ ‘ಐಡಿಯಾ ನಂದು ಅಲ್ವಾ’ ಅಂತಾನೆ. (ವಿದ್ಯಾರ್ಥಿನಿ, ಪುತ್ತೂರು)

ಆ ಪುಸ್ತಕದಲ್ಲಿ ಕ್ಯಾಥ್ ಕ್ಲಾಸಿನ ಹುಡುಗ ನಿಕ್‌ನ ಭಾಗ ಓದಿದ್ಯಾ? ಓದಿಲ್ಲ ಅಂದ್ರೆ ಓದು, ನಿನ್ನದೇ ಕಥೆ. ಅವನೂ ಕ್ಯಾಥ್ ಜೊತೆ ರಾತ್ರಿ ಲೈಬ್ರರೀಲಿ ಒಂದೇ ನೋಟ್‌ಬುಕ್ ಇಟ್ಕೊಂಡು ಸರದಿ ಮೇಲೆ ಬರೀತಾನೆ, ಅವಳಿಗೆ ಅವನ ಮೇಲೆ ಮನಸ್ಸೂ ಆಗಿರುತ್ತೆ, ಆಮೇಲೆ ಆ ಕಥೇನ ತನ್ನೊಬ್ಬಂದೇ ಅಂತ ಮಾಡ್ಕೋತಾನೆ. ಫ್ಯಾನ್‌ಫಿಕ್ಷನ್ ಬರೆದವಳನ್ನ ಕಳ್ಳಿ ಅಂದ ಅದೇ ಕ್ಲಾಸಲ್ಲಿ ನಿಜವಾದ ಕಳ್ಳತನ ಮಾಡಿದ್ದು ಇವನು. ಲೇಖಕಿ ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಇಟ್ಟಿರೋದು ನಂಗೆ ತುಂಬಾ ಇಷ್ಟ ಆಯ್ತು.

ನೀನು ಸುಮ್ಮನಿರ್ಬೇಡ ಪುಟ್ಟಾ. ನಿನ್ನ ಕೈಬರಹದ ಪುಟಗಳು, ವಾಟ್ಸಾಪಲ್ಲಿ ಕಳಿಸಿದ ತುಣುಕು ಎಲ್ಲಾ ತಾರೀಕು ಕಾಣೋ ಹಾಗೆ ತೆಗೆದಿಟ್ಕೊ, ಮ್ಯಾಗಜೀನ್ ನೋಡ್ಕೊಳ್ಳೋ ಮೇಷ್ಟ್ರಿಗೆ ತೋರಿಸು, ಇಬ್ಬರ ಹೆಸರೂ ಹಾಕಿ ಇಲ್ಲಾ ತೆಗೆದುಬಿಡಿ ಅಂತ ಬರವಣಿಗೆಯಲ್ಲಿ ಕೊಡು. ಐಡಿಯಾ ಯಾರದ್ದೇ ಇರ್ಲಿ, ವಾಕ್ಯ ಬರೆದೋರ ಹೆಸರು ಇರ್ಲೇಬೇಕು. ಸ್ನೇಹ ಹೋಗುತ್ತೆ ಅಂತ ಹೆದರ್ಬೇಡ, ಅದು ಆಗ್ಲೇ ಹೋಗಿದೆ.

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ರಾತ್ರಿ ಎರಡು ಗಂಟೆವರೆಗೆ ಫೋನಲ್ಲಿ ಯಾವುದೋ ಕೊರಿಯನ್ ಬ್ಯಾಂಡ್ ಹುಡುಗರ ಬಗ್ಗೆ ಕಥೆ ಬರೀತಾಳೆ. ಕೇಳಿದ್ರೆ ರೇಗ್ತಾಳೆ. ಫೋನ್ ಕಿತ್ಕೊಳ್ಲಾ? (ತಾಯಿ, ಬೆಂಗಳೂರು)

ನಿದ್ದೆ ವಿಷಯಕ್ಕೆ ನಾನು ನಿಮ್ಮ ಕಡೆ. ಹನ್ನೊಂದು ಗಂಟೆಗೆ ಫೋನ್ ಹಾಲಲ್ಲಿ ಚಾರ್ಜಿಗೆ, ಅವಳದ್ದಷ್ಟೇ ಅಲ್ಲ, ನಿಮ್ಮದೂ ನಿಮ್ಮ ಯಜಮಾನ್ರದ್ದೂ. ಬರೆಯೋ ವಿಷಯಕ್ಕೆ ನಾನು ಅವಳ ಕಡೆ. ಒಂದು ಹುಡುಗಿ ಯಾರೂ ಹೇಳದೇ, ಮಾರ್ಕ್ಸ್ ಸಿಗದೇ, ದಿನಾ ಕೂತು ಸಾವಿರ ಪದ ಬರೀತಾಳೆ ಅಂದ್ರೆ ಅದು ಎಷ್ಟು ದೊಡ್ಡ ವಿಷಯ ನಿಮಗೆ ಗೊತ್ತಿದೆಯಾ? ‘ಫ್ಯಾನ್‌ಗರ್ಲ್’ ಕಾದಂಬರಿಯ ಮೊದಲ ಕರಡನ್ನ ರೋವೆಲ್ ಬರೆಯೋಕೆ ಶುರು ಮಾಡಿದ್ದೇ 2011ರ ನವೆಂಬರಲ್ಲಿ, ಒಂದೇ ತಿಂಗಳಲ್ಲಿ 50,000 ಪದ ಬರೆಯೋ ಸವಾಲು ಒಂದಿತ್ತು, ಅದರಲ್ಲಿ ಸೇರ್ಕೊಂಡು. ದಿನಾ ಬರೆಯೋ ಅಭ್ಯಾಸಾನೇ ಆ ಪುಸ್ತಕ ಆಗಿದ್ದು.

ಎರಡು ವಿಷಯ ಮಾತ್ರ ಅವಳ ಜೊತೆ ಕೂತು ಮಾತಾಡಿ. ಒಂದು, ಬ್ಯಾಂಡಿನ ಹುಡುಗರು ಪಾತ್ರ ಅಲ್ಲ, ಬದುಕಿರೋ ಮನುಷ್ಯರು, ಅವರ ಬಗ್ಗೆ ಬರೆಯೋವಾಗ ಅವರ ಅಮ್ಮ ಓದಿದ್ರೆ ಹೇಗಿರುತ್ತೆ ಅಂತ ಯೋಚಿಸ್ಬೇಕು. ಎರಡು, ಓದೋದು ಎಲ್ಲಿ ಅಂತ. ‘ಆರ್ಕೈವ್ ಆಫ್ ಅವರ್ ಓನ್’ ಅಂತ ಅಭಿಮಾನಿಗಳೇ ನಡೆಸೋ ದೊಡ್ಡ ಭಂಡಾರ ಇದೆ, 2009ರಿಂದ ಇದೆ, ಜಾಹೀರಾತಿಲ್ಲ, 2019ರಲ್ಲಿ ವೈಜ್ಞಾನಿಕ ಕಥಾಲೋಕದ ದೊಡ್ಡ ಪ್ರಶಸ್ತಿ ಹ್ಯೂಗೋನೂ ಬಂತು ಅದಕ್ಕೆ. ಅಲ್ಲಿ ಕಥೆ ಮೇಲೆ ಯಾವ ವಯಸ್ಸಿನೋರಿಗೆ, ಒಳಗೆ ಏನಿದೆ ಅಂತ ಗುರುತು ಹಾಕಿರ್ತಾರೆ, ಬರೀ ದೊಡ್ಡೋರಿಗೆ ಅಂತ ಇರೋವೂ ಬೇಕಾದಷ್ಟಿವೆ. ಆ ಗುರುತು ನೋಡಿ ಓದೋದನ್ನ ಕಲಿಸಿ. ಆಮೇಲೆ ಒಂದಿನ ಅವಳು ಖುಷಿಯಾಗಿರೋವಾಗ ‘ಒಂದು ಕಥೆ ಓದಿ ಹೇಳು, ನಾನು ಬೀನ್ಸ್ ಬಿಡಿಸ್ತಾ ಕೇಳ್ತೀನಿ’ ಅನ್ನಿ. ಕಾಗುಣಿತ ತಿದ್ದಬೇಡಿ. ಮುಂದೇನಾಯ್ತು ಅಂತ ಮಾತ್ರ ಕೇಳಿ.

ಪ್ರಶ್ನೆ: ನನ್ನ ತಮ್ಮನಿಗೆ ಓದೋದು ಕಷ್ಟ, ಅಕ್ಷರ ಎಲ್ಲಾ ಒಂದರ ಮೇಲೊಂದು ಬಂದಂಗೆ ಆಗುತ್ತೆ ಅಂತಾನೆ. ಆ ಪುಸ್ತಕದಲ್ಲೂ ಅಂಥ ಹುಡುಗ ಇದಾನಂತೆ? (ಮಂಡ್ಯ)

ಇದಾನೆ, ಲೀವೈ. ಅರ್ನಾಲ್ಡ್ ಅನ್ನೋ ಚಿಕ್ಕ ಊರಿನ ದನಕರು ಸಾಕೋ ಮನೆಯ ಹುಡುಗ, ಯಾರನ್ನ ನೋಡಿದ್ರೂ ನಗ್ತಾನೆ. ಪುಸ್ತಕ ಹಿಡಿದು ಓದೋಕಾಗಲ್ಲ, ಆದ್ರೆ ಕೇಳಿಸ್ಕೊಂಡಿದ್ದು ಒಂದೂ ಮರೆಯಲ್ಲ. ಒಂದು ರಾತ್ರಿ ಕ್ಯಾಥ್ ಅವನ ಪರೀಕ್ಷೆಗೆ ಬೇಕಾದ ಕಾದಂಬರಿ ಪೂರ್ತಿ ಜೋರಾಗಿ ಓದಿ ಹೇಳ್ತಾಳೆ, ಗಂಟಲು ಕಟ್ಟೋವರೆಗೂ. ಅವರಿಬ್ಬರ ಪ್ರೀತಿ ಬೆಳೆಯೋದೇ ಹಾಗೆ, ಅವಳು ಓದೋದು ಅವನು ಕೇಳೋದು. ಅವನನ್ನ ದಡ್ಡ ಅಂತ ಪುಸ್ತಕ ಎಲ್ಲೂ ನೋಡಲ್ಲ. ನಿಮ್ಮ ತಮ್ಮಂಗೆ ಪಾಠಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಡಿ, ಶಾಲೇಲಿ ಹೇಳಿ ತಜ್ಞರ ಹತ್ರ ಪರೀಕ್ಷೆ ಮಾಡಿಸಿ. ಸರ್ಟಿಫಿಕೇಟ್ ಸಿಕ್ಕಿದ್ರೆ ಬೋರ್ಡ್ ಪರೀಕ್ಷೇಲಿ ಹೆಚ್ಚಿನ ಸಮಯ ಕೇಳ್ಬಹುದು.

ಪ್ರಶ್ನೆ: ನನ್ನ ಅಪ್ಪಂಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯೋ ಕಾಯಿಲೆ. ಮಾತ್ರೆ ಬಿಟ್ಟಾಗೆಲ್ಲ ರಾತ್ರಿ ಇಡೀ ಮನೆ ಸಾಮಾನು ಜೋಡಿಸ್ತಾ ಇರ್ತಾರೆ. ನಾನು ಎಂಎ ಸೀಟು ಸಿಕ್ಕಿ ಬೇರೆ ಊರಿಗೆ ಬಂದೆ. ಪ್ರತಿ ದಿನ ವಾಪಸ್ ಹೋಗ್ಬೇಕು ಅನ್ಸುತ್ತೆ. (ಹೆಸರು, ಊರು ಎರಡೂ ಬೇಡ)

ನಿಮ್ಮ ಪತ್ರ ಓದಿದ್ಮೇಲೆ ಸ್ವಲ್ಪ ಹೊತ್ತು ಬೇರೆ ಪತ್ರ ತೆಗೆಯೋಕಾಗ್ಲಿಲ್ಲ. ಕ್ಯಾಥ್‌ಳ ಅಪ್ಪ ಆರ್ಟ್‌ಗೂ ಇದೇ ಕಾಯಿಲೆ. ಜಾಹೀರಾತು ಕಂಪನೀಲಿ ಕೆಲಸ, ತಲೆ ತುಂಬ ಐಡಿಯಾ, ಮಕ್ಕಳಂದ್ರೆ ಪ್ರಾಣ, ಮಕ್ಕಳು ಹಾಸ್ಟೆಲಿಗೆ ಹೋದ್ಮೇಲೆ ಮನಸ್ಸಿನ ತೂಕ ತಪ್ಪಿ ಆಸ್ಪತ್ರೆ ಸೇರ್ತಾನೆ. ಕ್ಯಾಥ್ ಆಗ ಓದು ಬಿಟ್ಟು ಮನೇಲೇ ಇದ್ದುಬಿಡ್ತೀನಿ ಅಂತ ನಿರ್ಧಾರಾನೂ ಮಾಡ್ತಾಳೆ. ವಾಪಸ್ ಕಾಲೇಜಿಗೆ ಹೋಗು ಅಂತ ಹೇಳೋದು ಆ ಅಪ್ಪಾನೇ. ಮಗಳು ತನ್ನ ಕಾವಲಿಗೆ ಕೂತು ಜೀವನ ಕಳೆಯೋದು ಅವನಿಗೆ ಬೇಡ.

ನೀವು ಅಲ್ಲಿ ಇದ್ರೂ ಕಾಯಿಲೆ ಇರ್ತಿತ್ತು. ನೀವು ದೂರ ಬಂದಿದ್ದಕ್ಕೆ ಬಂದಿದ್ದಲ್ಲ ಅದು. ಮಾತ್ರೆ ನೋಡ್ಕೊಳ್ಳೋಕೆ ಮನೆ ಹತ್ರ ಇರೋ ಒಬ್ಬರನ್ನ ಗೊತ್ತು ಮಾಡಿ, ಚಿಕ್ಕಪ್ಪನೋ ಪಕ್ಕದ ಮನೆಯೋರೋ, ನಿದ್ದೆ ಕಮ್ಮಿ ಆದ್ರೆ ಮೊದಲು ನಿಮಗೆ ಫೋನ್ ಮಾಡ್ಲಿ. ನಿದ್ದೆ ತಪ್ಪೋದೇ ಇದರಲ್ಲಿ ಮುನ್ಸೂಚನೆ, ಅದನ್ನ ಬೇಗ ಹಿಡಿದ್ರೆ ಎಷ್ಟೋ ಸಲ ಆಸ್ಪತ್ರೆವರೆಗೆ ಹೋಗಲ್ಲ. ಡಾಕ್ಟರ ಮುಂದಿನ ತಾರೀಕು ನಿಮ್ಮ ಫೋನಲ್ಲೂ ಇರ್ಲಿ. ಆ 14416 ನಂಬರಿಗೆ ಮನೆಯೋರೂ ಫೋನ್ ಮಾಡ್ಬಹುದು, ನಿಮ್ಮ ಸಲುವಾಗಿ ನೀವೇ ಮಾಡಿ. ಮತ್ತೆ ವಾರಕ್ಕೊಂದಿನ ಅಪ್ಪನ ಜೊತೆ ಕಾಯಿಲೆ ಬಿಟ್ಟು ಬೇರೆ ಏನಾದ್ರೂ ಮಾತಾಡಿ.

ಪ್ರಶ್ನೆ: ಒಂದು ಸೀರಿಯಲ್‌ನ ಅತ್ತೆ ಪಾತ್ರ ಇಟ್ಕೊಂಡು ನಾನೇ ಕಥೆ ಬರೆದಿದೀನಿ, ಸೀರಿಯಲ್ಲಲ್ಲಿ ಅವಳನ್ನ ಬರೀ ಕೆಟ್ಟವಳು ಮಾಡಿದಾರೆ, ನಂಗೆ ಹಾಗನ್ಸಲ್ಲ. ಆರು ಪುಟ ಕಳಿಸ್ತಿದೀನಿ. ಇದನ್ನ ಯಾರಿಗೂ ತೋರಿಸಿಲ್ಲ. ಚೆನ್ನಾಗಿದ್ಯಾ ಹೇಳಿ. (ಟೈಲರ್, ಚನ್ನಪಟ್ಟಣ)

ಆರೂ ಪುಟ ಓದ್ದೆ, ಎರಡು ಸಲ. ಮೊದಲೆರಡು ಪುಟದಲ್ಲಿ ಸೀರಿಯಲ್ಲಿನ ಮಾತೇ ಜಾಸ್ತಿ ಇದೆ, ಅತ್ತೆ ಆ ಟೀವಿ ಧಾಟಿಯಲ್ಲೇ ಕೂಗ್ತಾಳೆ. ಮೂರನೇ ಪುಟದಲ್ಲಿ ಎಲ್ಲರೂ ಮಲಗಿದ್ಮೇಲೆ ಅವಳು ಅಡುಗೆಮನೇಲಿ ಒಬ್ಬಳೇ ಹಾಲಿನ ಪ್ಯಾಕೆಟ್ ಕವರುಗಳನ್ನ ತೊಳೆದು, ಕಿಟಕಿ ಸರಳಿಗೆ ಒಣಗಿಹಾಕಿ, ಒಣಗಿರೋವನ್ನ ಎಣಿಸಿ ರಬ್ಬರ್ ಬ್ಯಾಂಡ್ ಹಾಕಿಡ್ತಾಳಲ್ಲ, ಅಷ್ಟು ದೊಡ್ಡ ಬಂಗಲೆಯ ಯಜಮಾನಿ ಯಾಕೆ ಕವರ್ ಎಣಿಸ್ತಾಳೆ ಅಂತ ನೀವು ಹೇಳೇ ಇಲ್ಲ, ಹೇಳದೇ ಇರೋದೇ ಸರಿ, ನಂಗೆ ಅವಳ ಹಳೇ ಬಡತನ ಪೂರ್ತಿ ಕಾಣಿಸ್ತು. ಆ ದೃಶ್ಯ ಯಾವ ಸೀರಿಯಲ್ಲಲ್ಲೂ ಇಲ್ಲ, ಅದು ನೀವು ನೋಡಿರೋದು. ಇನ್ನೊಂದ್ಸಲ ಬರೆಯೋವಾಗ ಅವಳ ಹೆಸರು ಬದಲಾಯಿಸಿ, ಬಂಗಲೆ ತೆಗೆದು ನಿಮಗೆ ಗೊತ್ತಿರೋ ಒಂದು ಮನೇಲಿ ಇಡಿ, ಕಥೆ ಆ ಮೂರನೇ ಪುಟದಿಂದ್ಲೇ ಶುರು ಆಗ್ಲಿ. ಆಗ ಅದು ಪೂರ್ತಿ ನಿಮ್ಮದೇ ಆಗುತ್ತೆ, ಪತ್ರಿಕೆಗೆ ಕಳಿಸ್ಬಹುದು, ಪ್ರತಿಲಿಪಿ ಥರದ ಆ್ಯಪಿನಲ್ಲೂ ಹಾಕ್ಬಹುದು. ಹೆಸರು ಬದಲಾಯಿಸೋಕೆ ಮನಸ್ಸು ಬರ್ಲಿಲ್ಲ ಅಂದ್ರೆ ಅವಸರ ಏನಿಲ್ಲ, ಹಂಗೇ ಮುಂದುವರಿಸಿ. ಆರನೇ ಪುಟದ ಕೊನೇಲಿ ಸೊಸೆ ಎದ್ದು ನೀರು ಕುಡಿಯೋಕೆ ಬಂದು ಬಾಗಿಲಲ್ಲೇ ನಿಂತ್ಲು, ಅಲ್ಲಿಗೆ ನಿಲ್ಲಿಸಿದೀರಿ. ಅವಳು ಕವರ್ ನೋಡಿದ್ಲಾ ಇಲ್ವಾ? ಏಳನೇ ಪುಟ ಕಳಿಸಿ.